ಅತ್ತಿಯ ನತ್ತು, ಡಾಲ್ಡಾ ಡಬ್ಬಿ

ಬೀದರ
೯ ಸೆಪ್ಟೆಂಬರ್ ೧೯೫೬

ಮಡೆಪ್ಪ ಮಾಮಾ ಅವರಿಗೆ ಹಾವಗೆಪ್ಪನ ಶರಣಾರ್ಥಿ.

ಕ್ಷೇಮಸಮಾಚಾರವನ್ನು ಕೊನೆಗೆ ಬರೆಯುತ್ತೇನೆ, ಕಾಗದದಲ್ಲಿ ಜಾಗ ಉಳಿದರೆ. ಮೊದಲು ಒಂದೇ ಮಾತು: ಕ್ಯಾಮೆರಾ ಮಾರಬೇಡಿರಿ.

ಎಕಂಬಾದಿಂದ ಅವ್ವ ಕಾಗದ ಬರೆಸಿದ್ದಾಳೆ. ಹೆಸರುಕಾಳಿನ ರಾಶಿ ಆಯಿತು, ಎಮ್ಮೆ ಈಯಿತು, ನಿನ್ನ ಮಾಮಾ ದೀಪಾವಳಿ ಹೊತ್ತಿಗೆ ಕ್ಯಾಮೆರಾ ಮಾರಿ ಕಮಲನಗರದಲ್ಲಿ ಷಡ್ಡಕನ ಅರಿವೆ ಅಂಗಡಿಯಲ್ಲಿ ಕೂಡುತ್ತಾನಂತೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾಳೆ. ನನಗೆ ಹಾಸ್ಟೆಲಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ. ರಜೆಗೆ ಭಾಲ್ಕಿಯ ನಿಮ್ಮ ಫೋಟೋ ಅಂಗಡಿಗೆ ಬಂದಾಗಲೆಲ್ಲ ಕ್ಯಾಮೆರಾದ ಕರಿಯ ಬಟ್ಟೆಯೊಳಗೆ ತಲೆ ತೂರಿಸಿ, ಗಾಜಿನ ಮೇಲೆ ತಲೆಕೆಳಗಾಗಿ ನಿಂತ ಸುಮಿತ್ರಾ ಅತ್ತಿಯನ್ನು ನೋಡಿ ನಕ್ಕವನು ನಾನು. ಕಾಲೇಜಿನಲ್ಲಿ ಫಿಜಿಕ್ಸ್ ತೆಗೆದುಕೊಂಡದ್ದೇ ಆ ಒಂದು ನಗುವಿನಿಂದ. ಈಗ ಲೆಕ್ಚರರ್ ಇಂಗ್ಲಿಷಿನಲ್ಲಿ ಹೇಳುವುದು ಅರ್ಧ ತಿಳಿಯುತ್ತದೆ, ಅರ್ಧ ತಿಳಿದವನ ಹಾಗೆ ತಲೆಯಾಡಿಸುತ್ತೇನೆ. ಅದಿರಲಿ.

ನಿಮ್ಮ ಕ್ಯಾಮೆರಾಕ್ಕೆ ಚಿತ್ರ ಮೂಡಲು ಗಾಜಿನ ಪ್ಲೇಟೇ ಬೇಕು, ಪ್ಲೇಟು ಈಗ ಹೈದರಾಬಾದಿನಿಂದಲೂ ಬರುತ್ತಿಲ್ಲ. ಮಾರುವುದಕ್ಕೆ ಇದೇ ತಾನೆ ಕಾರಣ? ಹಾಗಾದರೆ ಕೇಳಿರಿ. ಇಲ್ಲಿ ಚೌಬಾರಾದ ಹತ್ತಿರ ಫಕ್ರೋದ್ದೀನ ಸಾಹೇಬರ ಗಡಿಯಾರದ ಅಂಗಡಿಯಿದೆ. ಅವರ ಕಪಾಟಿನಲ್ಲಿ ಫಿಲ್ಮಿನ ಒಂದು ಡಬ್ಬ ಧೂಳು ಹಿಡಿದು ಕೂತಿದೆ. ಸುರುಳಿ ಫಿಲ್ಮಲ್ಲ, ಬಿಡಿ ಬಿಡಿ ಹಾಳೆ. ಅದನ್ನು ಹಿಡಿಯುವ ಹೋಲ್ಡರು ಈ ಊರಿನಲ್ಲಿ ಯಾರ ಬಳಿಯೂ ಇಲ್ಲ, ಅದಕ್ಕೇ ಯಾರೂ ಕೊಂಡಿಲ್ಲ. ನಾನು ಕೇಳಿದ್ದಕ್ಕೆ ಅವರು, “ಒಯ್ರಿ ಸ್ಟೂಡೆಂಟ್ ಸಾಬ್, ಈ ಡಬ್ಬಾ ನನ್ನ ಗಡಿಯಾರಕಿಂತ ಜಾಸ್ತಿ ಟೈಮ್ ನೋಡ್ಯದ” ಎಂದರು.

ಮಾಮಾ, ಗಾಜು ನೆಟ್ಟಗೆ ನಿಲ್ಲುತ್ತದೆ, ಫಿಲ್ಮು ಬಾಗುತ್ತದೆ. ಗಾಜು ಕೂಡುವ ಜಾಗದಲ್ಲಿ ಫಿಲ್ಮನ್ನು ನೆಟ್ಟಗೆ ಹಿಡಿದು ಕೂಡಿಸುವ ಒಂದು ಚೌಕಟ್ಟು ಸಿಕ್ಕರೆ ಸಾಕು. ಮುಂಬಯಿಯದು ಬೇಡ, ನಾನೇ ಮಾಡುತ್ತೇನೆ. ಕೆಟ್ಟುಹೋದ ಒಂದು ಹಳೆಯ ಪ್ಲೇಟನ್ನು ಅಳತೆಗೆಂದು ಕಳಿಸಿಕೊಡಿರಿ.

ಜಾಗ ಮುಗಿಯಿತು. ಕ್ಷೇಮವಾಗಿದ್ದೇನೆ.

ನಿಮ್ಮ ಅಳಿಯ
ಹಾವಗೆಪ್ಪ

---

ಭಾಲ್ಕಿ
೧೫ ಸೆಪ್ಟೆಂಬರ್ ೧೯೫೬

ಅಳಿಯಾ ಹಾವಗೆಪ್ಪ,

ನಿನ್ನ ಕಾಗದವನ್ನು ಅತ್ತಿಗೆ ಓದಿ ಹೇಳಿದೆ. “ಹುಡುಗ ಊಟ ಬಿಟ್ಟದಂತ, ಮೊದಲ ಅದಕ್ಕ ಜವಾಬ ಬರೀರಿ” ಎಂದಳು. ಆದ್ದರಿಂದ ಮೊದಲು ಊಟ ಮಾಡು.

ರೈಲಿನ ಗಾರ್ಡ್ ಹಬೀಬ ಸಾಹೇಬರ ಕೈಯಲ್ಲಿ ಹಳೆಯ ಪ್ಲೇಟು ಕೊಟ್ಟಿದ್ದೇನೆ. ಅತ್ತಿಯ ಹರಕು ಕುಪ್ಪಸದಲ್ಲಿ ಸುತ್ತಿದೆ, ಬಿಚ್ಚುವಾಗ ಗೆಳೆಯರ ಮುಂದೆ ಬಿಚ್ಚಬೇಡ. ಗಾಜಿನ ಎದುರು ಬದಿ ಎಲ್ಲಿ ನಿಲ್ಲುತ್ತದೋ ನಿನ್ನ ಫಿಲ್ಮೂ ಕೂದಲೆಳೆ ತಪ್ಪದೆ ಅಲ್ಲೇ ನಿಲ್ಲಬೇಕು. ಹಿಂದೆ ಮುಂದೆ ಆದರೆ ಮುಖಗಳು ಹಿಟ್ಟು ಕಲಸಿದ ಹಾಗೆ ಬರುತ್ತವೆ.

ಬೆಳಕು ಹಿಡಿಯುವ ಮಸಾಲೆ ಯಾವ ಬದಿಗಿದೆ ಎಂದು ನೀನು ತಲೆ ಕೆಡಿಸಿಕೊಳ್ಳಬೇಡ, ಅದು ನನ್ನ ಕೆಲಸ. ಕತ್ತಲೆಯಲ್ಲಿ ಮೂಲೆಯನ್ನು ತುಟಿಗೆ ಮುಟ್ಟಿಸುತ್ತೇನೆ. ಮಸಾಲೆಯ ಬದಿ ಅಂಟುತ್ತದೆ, ಬರಿಯ ಬದಿ ಜಾರುತ್ತದೆ. ನನ್ನ ತುಟಿ ಇವತ್ತಿನವರೆಗೆ ನನಗೆ ಮೋಸ ಮಾಡಿಲ್ಲ.

ಆದರೆ ಒಂದು ತಿಳಿದಿರಲಿ. ಉದಗೀರದ ಫೋಟೋಗ್ರಾಫರ್ ಕಾಶೀರಾಮ ಅವರಿಗೆ ಕ್ಯಾಮೆರಾ ಕೊಡುವುದಾಗಿ ಮಾತು ಕೊಟ್ಟಾಗಿದೆ. ಅವರಿಗೆ ಬೇಕಾದದ್ದು ಲೆನ್ಸು ಮಾತ್ರ, ಮರದ ಪೆಟ್ಟಿಗೆಯನ್ನು ಮೂಲೆಗೆ ಎಸೆಯುತ್ತಾರೋ ಏನೋ, ನಾನು ಕೇಳಲಿಲ್ಲ. ಪ್ಲೇಟಿಲ್ಲದ ಕ್ಯಾಮೆರಾ ಇಟ್ಟುಕೊಂಡು ಗಿರಾಕಿಗೆ ದಿನಾ ಇಲ್ಲ ಎನ್ನುವುದಕ್ಕಿಂತ ಅರಿವೆ ಹರಿದು ಕೊಡುವುದು ಮೇಲು. ನೀನು ಮಾಡುವುದು ಮಾಡು, ನಾನು ಬೇಡ ಅನ್ನುವುದಿಲ್ಲ. ಓದು ಬಿಡಬೇಡ.

ಮಡೆಪ್ಪ

---

ಬೀದರ
೨೩ ಸೆಪ್ಟೆಂಬರ್ ೧೯೫೬

ಮಾಮಾ ಅವರಿಗೆ ಶರಣಾರ್ಥಿ.

ಆಯಿತು! ಹಬೀಬ ಸಾಹೇಬರ ಕೈಯಲ್ಲಿ ಕಳಿಸುತ್ತಿರುವ ಪೊಟ್ಟಣದಲ್ಲಿ ಮೇಲಿಟ್ಟ ಹೋಲ್ಡರನ್ನು ಮೊದಲು ನೋಡಿರಿ, ಒಳಗೆ ಫಿಲ್ಮು ಸುತ್ತಿದ ಕರಿಯ ಕಾಗದವನ್ನು ಮಾತ್ರ ಕತ್ತಲೆಕೋಣೆಯಲ್ಲೇ ಬಿಚ್ಚಬೇಕು.

ಮೊದಲು ರಟ್ಟಿನಲ್ಲಿ ಮಾಡಿದೆ, ಮಳೆಯ ತೇವಕ್ಕೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಹಾಸ್ಟೆಲಿನ ಅಡುಗೆಯವ ಪಂಢರಿಯ ಹಿಂದೆ ಬಿದ್ದು ಒಂದು ಖಾಲಿ ಡಾಲ್ಡಾ ಡಬ್ಬಿ ಪಡೆದೆ. “ಒಯ್ಯಿ, ಆದ್ರ ನಾಳಿ ಪಲ್ಯದಾಗ ತಗಡ ಸಿಕ್ರ ನನಗ ಕೇಳಬ್ಯಾಡ” ಎಂದ. ಡಬ್ಬಿಯನ್ನು ಸೀಳಿ, ಕಲ್ಲಿನ ಮೇಲಿಟ್ಟು ಬಡಿದು ಸಪಾಟು ಮಾಡಿದೆ. ಪ್ಲೇಟಿನ ಅಳತೆಗೆ ಕತ್ತರಿಸಿ ಮೂರು ಬದಿಯ ಅಂಚನ್ನು ಸಣ್ಣಗೆ ಒಳಕ್ಕೆ ಮಡಿಚಿದೆ. ಮಡಿಕೆಯಲ್ಲಿ ಫಿಲ್ಮು ಹೋಗುವಷ್ಟೇ ಸಂದು. ನಾಲ್ಕನೆಯ ಬದಿ ತೆರೆದಿದೆ, ಅಲ್ಲಿಂದ ಫಿಲ್ಮನ್ನು ಜಾರಿಸಿದರೆ ದಿಂಬಿಗೆ ಗೌಸು ಹಾಕಿದ ಹಾಗೆ ಒಳಗೆ ಕೂಡುತ್ತದೆ. ಗಾಜಿನ ದಪ್ಪ ಸರಿಹೋಗಲೆಂದು ಬೆನ್ನಿಗೆ ಹಳೆಯ ಕ್ಯಾಲೆಂಡರಿನ ರಟ್ಟು. ತಗಡು ಹೊಳೆಯಬಾರದಲ್ಲ, ಅದಕ್ಕೆ ದೀಪದ ಮಸಿ. ಇಷ್ಟೇ ಡಿಸೈನು. ನನ್ನ ಬೆರಳುಗಳಲ್ಲಿ ಈಗ ಪಟ್ಟಿ ಕಟ್ಟದೆ ಉಳಿದದ್ದು ಕಿರುಬೆರಳು ಮಾತ್ರ.

ಫಿಲ್ಮು ನಿಮ್ಮ ಪ್ಲೇಟಿಗಿಂತ ಕೊಂಚ ದೊಡ್ಡದು. ನಿಮಗೆ ತೊಂದರೆ ಬೇಡವೆಂದು ಅರ್ಧ ಡಬ್ಬವನ್ನು ನಾನೇ ಕತ್ತರಿಸಿ ಅಳತೆಗೆ ತಂದಿದ್ದೇನೆ. ಹಗಲಿನಲ್ಲೇ ಹಾಸ್ಟೆಲಿನ ಕಾಳಿನ ಕೋಣೆ ಹೊಕ್ಕು, ಕಿಟಕಿಗೆ ಗೋಣಿತಟ್ಟು ಬಡಿದು, ಸಂಪೂರ್ಣ ಕತ್ತಲೆ ಮಾಡಿಕೊಂಡೆ. ಈ ಫಿಲ್ಮಿಗೆ ಕೆಂಪು ದೀಪವೂ ಆಗದು ಎಂದು ಡಬ್ಬದ ಮೇಲೆ ಬರೆದಿದೆ, ನೀವೂ ಕೆಂಪು ದೀಪ ಹಚ್ಚಬೇಡಿರಿ. ಒಂದು ತುದಿಯ ಮೂಲೆಗೆ ಇಲಿ ಕಡಿದಂತೆ ಸಣ್ಣ ಕಚ್ಚು ಕೈಗೆ ತಾಕಿತು. ಹೇಗೂ ಕೆಟ್ಟ ಅಂಚು ಎಂದು ಆ ಕಡೆಯನ್ನೇ ಕತ್ತರಿಸಿ ತೆಗೆದೆ.

ಬೇಗ ತೆಗೆದು ನೋಡಿರಿ. ಇಲ್ಲಿ ಒಬ್ಬರು ದೊಡ್ಡವರು ಒಂದು ವಿಷಯ ಕೇಳಿದ್ದಾರೆ, ನಾನು ಹೂಂ ಅಂದಿದ್ದೇನೆ. ಏನೆಂದು ಈಗ ಕೇಳಬೇಡಿರಿ.

ಹಾವಗೆಪ್ಪ

---

ಭಾಲ್ಕಿ
೧ ಅಕ್ಟೋಬರ್ ೧೯೫೬

ಹಾವಗೆಪ್ಪ,

ಪೊಟ್ಟಣ ಬಂತು. ತಗಡಿನ ಕೆಲಸ ಚೊಕ್ಕಟವಾಗಿದೆ. ಪ್ಲೇಟಿನ ಮುಚ್ಚಳದ ಪೆಟ್ಟಿಗೆಯಲ್ಲಿ ಗಾಜಿನ ಜಾಗಕ್ಕೆ ಸರಿಯಾಗಿ ಕೂತಿತು.

ಅತ್ತಿಯನ್ನು ಅಂಗಡಿಯ ಮುಂದೆ ಕೂಡಿಸಿ ಎರಡು ತೆಗೆದೆ. ಎರಡೂ ಮಬ್ಬು. ಧೋತರದ ಹಿಂದಿನಿಂದ ನೋಡಿದ ಹಾಗೆ ಬಂದಿದೆ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಷ್ಟು ಮಾಡಿದ್ದೇ ಹೆಚ್ಚು. ಪರೀಕ್ಷೆ ಯಾವಾಗ?

ಮಡೆಪ್ಪ

---

ಬೀದರ
೪ ಅಕ್ಟೋಬರ್ ೧೯೫೬

ಮಾಮಾ ಅವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದರೂ ಅದು ಉದ್ದವಾಗಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಿಮಗೆ ಸಿಟ್ಟು ಬಂದಿದೆ, ಅದಕ್ಕೇ ಹೊಗಳಿದ್ದೀರಿ.

ತಪ್ಪು ಫೋಕಸಿನದ್ದು, ನನಗೆ ಖಾತ್ರಿಯಿದೆ. ಮಡಿಚಿದ ಅಂಚಿನ ದಪ್ಪದಷ್ಟು ಫಿಲ್ಮು ಹಿಂದಕ್ಕೆ ಸರಿದಿದೆ. ಫಕ್ರೋದ್ದೀನ ಸಾಹೇಬರು ಗಡಿಯಾರದ ಅರ ಕೊಟ್ಟರು, ಇನ್ನೊಂದು ಹೋಲ್ಡರು ಮಾಡಿ ಅದರ ಅಂಚುಗಳನ್ನು ತೆಳ್ಳಗೆ ಉಜ್ಜಿದೆ. ಬೆನ್ನಿಗೆ ರಟ್ಟಿನ ಜೊತೆ ಒಂದು ಪದರ ಹತ್ತಿಯ ಬಟ್ಟೆ ಅಂಟಿಸಿದೆ, ಫಿಲ್ಮು ನಡುವೆ ಜೋತು ಬೀಳದಿರಲಿ ಎಂದು. ಈ ಸಲ ತಪ್ಪುವುದಿಲ್ಲ. ತಪ್ಪಬಾರದು. ತಪ್ಪಿದರೆ ನಾನು ಎಲ್ಲಿಗೆ ಹೋಗಲಿ ಎಂದು ನನಗೇ ಗೊತ್ತಿಲ್ಲ. ಅಂದರೆ ಸುಮ್ಮನೆ ಹೇಳಿದೆ. ಕೊಲೆಗಿಲೆ ಮಾಡಿಲ್ಲ.

ಇದನ್ನೂ ಹಬೀಬ ಸಾಹೇಬರ ಕೈಯಲ್ಲಿ ಕಳಿಸುತ್ತಿದ್ದೇನೆ, ಇನ್ನೊಮ್ಮೆ ತೆಗೆಯಿರಿ. ಕೆಟ್ಟರೆ ಆ ಕೆಟ್ಟದ್ದನ್ನೂ ನನಗೆ ಕಳಿಸಿರಿ.

ಹಾವಗೆಪ್ಪ

---

ಭಾಲ್ಕಿ
೧೩ ಅಕ್ಟೋಬರ್ ೧೯೫೬

ಅಳಿಯಾ,

ಮತ್ತೆ ಎರಡು ತೆಗೆದೆ. ಒಂದು ಮಬ್ಬು. ಇನ್ನೊಂದನ್ನು ನೀನೇ ನೋಡು, ಒಂದು ಪ್ರತಿ ಜೊತೆಗಿಟ್ಟಿದ್ದೇನೆ. ಅತ್ತಿಯ ಸೀರೆಯ ದಡಿಯ ಎಳೆ ಎಣಿಸಬಹುದು!

ಆದರೆ ಅದೇ ಹೋಲ್ಡರು, ಅದೇ ಬಿಸಿಲು, ಅದೇ ಅತ್ತಿ. ಒಂದು ಬಂತು, ಒಂದು ಬರಲಿಲ್ಲ. ಯಾಕೆ? ಮನಸ್ಸು ಬಂದಾಗ ಕೆಲಸ ಮಾಡುವ ಹೋಲ್ಡರನ್ನು ನಂಬಿ, ಚಿತ್ರ ತೆಗೆಯಲು ಕರೆದಿರುವ ಔರಾದದ ಮದುವೆಗೆ ಹೇಗೆ ಹೋಗಲಿ? ಅಕ್ಕಿಕಾಳು ಬಿದ್ದ ಮೇಲೆ ಇನ್ನೊಮ್ಮೆ ನಿಲ್ಲಿರಿ ಎಂದು ಮದುಮಕ್ಕಳಿಗೆ ಹೇಳಲು ಬರುತ್ತದೆಯೇ? ಕಾಶೀರಾಮ ಅವರ ಕಾಗದ ಬಂದಿದೆ. ನಾನು ಮಾತು ಬದಲಿಸಲಿಲ್ಲ.

ಅತ್ತಿಯ ತಕರಾರು ಬೇರೆ. ಎರಡೂ ಚಿತ್ರ ಕೈಯಲ್ಲಿ ಹಿಡಿದು, ಛಲೋದರಲ್ಲಿ ತನ್ನ ನತ್ತು ಎಡಕ್ಕಿದೆ, ಮಬ್ಬಿನದರಲ್ಲಿ ಬಲಕ್ಕೆ ಹೋಗಿದೆ ಎಂದು ಜಗಳ ತೆಗೆದಳು. ಮೊದಲಿನ ಎರಡು ಮಬ್ಬು ಚಿತ್ರ ತರಿಸಿ ನೋಡಿದಳು, ಅವುಗಳಲ್ಲೂ ಬಲಕ್ಕೇ. ಮೈಸೂರು ಕಡೆಯಿಂದ ತಹಸೀಲಿಗೆ ಬಂದ ಗುಮಾಸ್ತನ ಹೆಂಡತಿ ಬಲಮೂಗಿಗೆ ಮೂಗುತಿ ಇಟ್ಟಿದ್ದನ್ನು ಕಂಡಿದ್ದಾಳೆ. “ನಾವು ಮೈಸೂರಿಗಿ ಸೇರೂದು ಮುಂದಿನ ತಿಂಗಳ, ನನ್ನ ನತ್ತು ಈಗ್ಲೇ ಯಾಕ ಬಲಕ್ಕ ಹೊಂಟದ? ಆ ಹುಡುಗನ ಡಬ್ಬಿಗಿ ಹೇಳ್ರಿ, ನನ್ನ ಮೂಗಿನ ಗೊಡವಿ ಬಿಡು ಅಂತ.”

ನಕ್ಕುಬಿಡು. ಮತ್ತೆ ಊಟ ಬಿಡಬೇಡ.

ಮಡೆಪ್ಪ

---

ಬೀದರ
೧೬ ಅಕ್ಟೋಬರ್ ೧೯೫೬

ಮಾಮಾ, ಮಾಮಾ,

ಅತ್ತಿಯ ಕಾಲಿಗೆ ಬೀಳುತ್ತೇನೆ ಎಂದು ಹೇಳಿರಿ. ಹೋಲ್ಡರು ಸರಿಯಿದೆ! ನತ್ತು ಬಲಕ್ಕೆ ಹೋದದ್ದೇ ಸಾಕ್ಷಿ.

ನತ್ತು ಬಲಕ್ಕೆ ಬಂದದ್ದೆಲ್ಲ ಮಬ್ಬು, ಎಡಕ್ಕೆ ಉಳಿದದ್ದು ಸ್ವಚ್ಛ. ಅಂದರೆ ಮಬ್ಬಾದ ಮೂರರಲ್ಲೂ ಫಿಲ್ಮು ಬೆನ್ನು ಮುಂದೆ ಮಾಡಿ ಕೂತಿತ್ತು. ಬೆಳಕು ಬೆನ್ನಿನ ಕಡೆಯಿಂದ ತೂರಿ ಬಂದು ಮಸಾಲೆಗೆ ತಾಕಿದೆ, ಅದಕ್ಕೆ ಮಬ್ಬು, ಅದಕ್ಕೇ ಎಡಬಲ ಅದಲುಬದಲು. ಆದರೆ ನಿಮ್ಮ ತುಟಿ ತಪ್ಪುವುದಿಲ್ಲವಲ್ಲ? ನಾನು ಕತ್ತರಿಸಿದ ಚೂರುಗಳನ್ನು ಫಿಜಿಕ್ಸ್ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಿದ್ದೆ. ಒಂದನ್ನು ತೆಗೆದು ತುಟಿಗೆ ಮುಟ್ಟಿಸಿದೆ. ಅಂಟಿತು. ತಿರುಗಿಸಿ ಮುಟ್ಟಿಸಿದೆ. ಮಾಮಾ, ಅದೂ ಅಂಟಿತು! ಫಿಲ್ಮು ಸುರುಳಿ ಸುತ್ತದಿರಲಿ ಎಂದು ಅದರ ಬೆನ್ನಿಗೂ ಅಂಟಿನ ಲೇಪವಿರುತ್ತದಂತೆ, ಲೆಕ್ಚರರನ್ನು ಕೇಳಿ ಬಂದೆ. ನಿಮ್ಮ ತುಟಿ ಗಾಜಿನ ತುಟಿ. ಅದು ಸುಳ್ಳು ಹೇಳಲಿಲ್ಲ, ಯಾವ ಬದಿ ಮೊದಲು ಮುಟ್ಟಿತೋ ಅದಕ್ಕೇ ಹೂಂ ಅಂದಿತು.

ಹಾಗಾದರೆ ಕತ್ತಲೆಯಲ್ಲಿ ಬದಿಯನ್ನು ಗುರುತಿಸುವುದು ಹೇಗೆ? ಇಲ್ಲಿ ನನ್ನ ಮುಖ ಕೆಂಪಾಗುತ್ತದೆ. ಚೂರುಗಳನ್ನೆಲ್ಲ ಬೆಳಕಿನಲ್ಲಿ ಸಾಲಾಗಿ ಇಟ್ಟೆ. ಇಲಿ ಕಡಿದಿದೆ ಎಂದಿದ್ದೆನಲ್ಲ, ಎಲ್ಲದರಲ್ಲೂ ಅದೇ ಮೂಲೆ, ಅದೇ ಆಕಾರ. ಇಷ್ಟು ಶಿಸ್ತಿನ ಇಲಿ ಎಲ್ಲಿದೆ? ಅದು ಫಿಲ್ಮು ಮಾಡಿದವರೇ ಬೆರಳಿಗೆಂದು ಇಟ್ಟ ಗುರುತು. ಕಚ್ಚು ಬಲಗೈ ಕಡೆ ಮೇಲೆ ಬರುವಂತೆ ಹಿಡಿದರೆ ಮಸಾಲೆಯ ಬದಿ ನಮ್ಮ ಎದುರಿಗಿರುತ್ತದೆ. ಬೆಳಕಿನಲ್ಲಿ ಮಸಾಲೆಯ ಮಂಕು ಬಣ್ಣ ನೋಡಿ ಪ್ರತಿ ಚೂರಿನಲ್ಲೂ ಪರೀಕ್ಷಿಸಿದೆ. ನಾನು ಆ ಗುರುತನ್ನೇ ಹುಡುಕಿ ಹುಡುಕಿ ಕತ್ತರಿಸಿದೆ ಮಾಮಾ, ಕೆಟ್ಟ ಅಂಚೆಂದು.

ಅರ್ಧ ಡಬ್ಬ ಉಳಿದಿದೆ. ಅವನ್ನು ಇನ್ನೊಂದು ತುದಿಯಿಂದ ಕತ್ತರಿಸಿ ಗುರುತು ಉಳಿಸಿದ್ದೇನೆ. ಹೋಲ್ಡರನ್ನೂ ಬದಲಿಸಿ ಹೊಸದಾಗಿ ಮೂರು ಮಾಡಿ ಕಳಿಸುತ್ತಿದ್ದೇನೆ: ಬಲ ಮೇಲ್ಮೂಲೆಯ ಮಡಿಕೆಯಲ್ಲಿ ಅರ್ಧಚಂದ್ರದ ಹಾಗೆ ಒಂದು ಕಿಂಡಿ ಕೊರೆದಿದ್ದೇನೆ. ಫಿಲ್ಮು ಒಳಗೆ ಹೋದ ಮೇಲೂ ಹೆಬ್ಬೆರಳು ಇಟ್ಟರೆ ಕಚ್ಚು ತಾಕಬೇಕು. ತಾಕಿದರೆ ಸರಿ. ತಾಕದಿದ್ದರೆ ತಿರುಗಿಸಿ ಹಾಕಿರಿ. ಖರ್ಚು ಏನೂ ಇಲ್ಲ, ಡಬ್ಬಿ ಪಂಢರಿಯದು, ಅರ ಸಾಹೇಬರದು.

ಈಗ ಮುಚ್ಚಿಟ್ಟದ್ದು. ನವೆಂಬರ್ ಒಂದಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದೆ. ಆ ದಿನ ಕಾಲೇಜಿನಲ್ಲಿ ಎಲ್ಲರ ಗ್ರೂಪ್ ಫೋಟೋ. ಉದಗೀರ ನಿಲಂಗಾದ ಹುಡುಗರು ಇನ್ನು ಮುಂಬಯಿ ರಾಜ್ಯದವರು, ಎಷ್ಟೋ ಜನ ಬಿಟ್ಟು ಹೋಗುತ್ತಿದ್ದಾರೆ, ಇವರೆಲ್ಲ ಮತ್ತೆ ಒಂದೇ ಕಡೆ ನಿಲ್ಲುವುದಿಲ್ಲ. ಊರಿನ ಫೋಟೋಗ್ರಾಫರಿಗೆ ಆ ದಿನ ಬಿಡುವಿಲ್ಲ. ಪ್ರಿನ್ಸಿಪಾಲರು ಚಿಂತೆ ಮಾಡುತ್ತಿದ್ದಾಗ ನಾನು ಎದ್ದು ನಿಂತು, ನಮ್ಮ ಮಾಮಾ ಬರುತ್ತಾರೆ ಎಂದುಬಿಟ್ಟೆ. ನಿಮ್ಮನ್ನು ಕೇಳದೆ. ಮೊದಲ ಹೋಲ್ಡರಿನ ಮಸಿ ಒಣಗುವ ಮೊದಲೇ.

ಬರುತ್ತೀರಲ್ಲ?

ಹಾವಗೆಪ್ಪ

---

ಬೀದರ
೨೬ ಅಕ್ಟೋಬರ್ ೧೯೫೬

ಮಾಮಾ ಅವರಿಗೆ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಬೇಗ ಮುಟ್ಟಲಿ ಎಂದು. ಹೊಸ ಹೋಲ್ಡರುಗಳನ್ನು ನೀವು ತೆಗೆದುಕೊಂಡಿರಿ, ಆದರೆ ಏನೂ ಹೇಳಲಿಲ್ಲ ಎಂದು ಹಬೀಬ ಸಾಹೇಬರು ಹೇಳಿದರು. ಕೇಳದೆ ಮಾತು ಕೊಟ್ಟದ್ದಕ್ಕೆ ನೊಂದಿದ್ದರೆ ಬೈದು ಒಂದು ಸಾಲು ಬರೆಯಿರಿ. ಪ್ರಿನ್ಸಿಪಾಲರಿಗೆ ನಾನು ಇನ್ನೂ ಇಲ್ಲ ಎಂದಿಲ್ಲ. ಕ್ಯಾಮೆರಾ ಆಗಲೇ ಹೋಯಿತೇ? ಅದೊಂದನ್ನಾದರೂ ತಿಳಿಸಿರಿ.

ಹಾವಗೆಪ್ಪ

---

ಬೀದರ
೨ ನವೆಂಬರ್ ೧೯೫೬

ಮಾಮಾ,

ನಿನ್ನೆ ನೀವು ರೈಲಿನಿಂದ ಇಳಿದಾಗ ನಾನು ಕ್ಯಾಮೆರಾ ಹೊರಲು ಓಡಿದೆ, ಕೇಳಬೇಕಾದದ್ದನ್ನು ಇವತ್ತು ಬರೆಯುತ್ತಿದ್ದೇನೆ. ಸ್ಟೇಶನ್ನಿಗೆ ಬಂದದ್ದು ಬರೀ ಹುಚ್ಚು ಆಸೆಗೆ. ಕ್ಯಾಮೆರಾದ ಮೂರು ಕಾಲು ಮೊದಲು ಬಾಗಿಲಲ್ಲಿ ಕಾಣಿಸಿದವು, ಆಮೇಲೆ ನಿಮ್ಮ ರುಮಾಲು.

ಸಾಲು ನಿಲ್ಲಿಸುವಾಗ ನಾನು ಅಷ್ಟು ಕೂಗಾಡಬಾರದಿತ್ತು. ಪ್ರಿನ್ಸಿಪಾಲರಿಗೂ ಅಲುಗಾಡಬೇಡಿರಿ ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ. ನೀವು ಬಟ್ಟೆಯೊಳಗಿಂದ ಕೈ ಚಾಚಿದಾಗ ಹೋಲ್ಡರಿಟ್ಟು ಮುಚ್ಚಿದ ಪ್ಲೇಟಿನ ಪೆಟ್ಟಿಗೆ ಕೊಟ್ಟದ್ದು ಮಾತ್ರ ನೆನಪಿದೆ, ಅದರ ಮೂಲೆ ಮುಟ್ಟಿ ನೀವು ನಕ್ಕದ್ದು ಕೂಡ.

ತೊಳೆದಿರಾ? ಬಂದಿದೆಯೇ? ಇಷ್ಟು ದಿನ ಯಾಕೆ ಒಂದು ಸಾಲೂ ಬರೆಯಲಿಲ್ಲ?

ನಿಮ್ಮ
ಹಾವಗೆಪ್ಪ

---

ಭಾಲ್ಕಿ
೬ ನವೆಂಬರ್ ೧೯೫೬

ಅಳಿಯಾ,

ಬರೆಯಲಿಲ್ಲ, ಯಾಕೆಂದರೆ ಏನು ಬರೆಯಬೇಕೋ ನನಗೇ ಗೊತ್ತಿರಲಿಲ್ಲ. ನೀನು ಒಂದು ಮುಚ್ಚಿಟ್ಟರೆ ನಾನೂ ಒಂದು ಮುಚ್ಚಿಟ್ಟಿದ್ದೆ. ಕಾಶೀರಾಮ ಅವರು ಕ್ಯಾಮೆರಾ ಒಯ್ಯಲು ಬರುತ್ತೇನೆಂದು ಗೊತ್ತು ಮಾಡಿದ್ದ ದಿನವೂ ಅದೇ ನವೆಂಬರ್ ಒಂದು. ನಿನ್ನ ಕಾಗದ ಓದಿ ಮಡಿಚಿಟ್ಟೆ. ಇಬ್ಬರಿಗೂ ಕೊಟ್ಟ ಮಾತು, ಒಂದು ನಾನು ಕೊಟ್ಟದ್ದು, ಒಂದು ನೀನು ಕೊಟ್ಟದ್ದು.

ಹಿಂದಿನ ದಿನ ಮಧ್ಯಾಹ್ನ ಕತ್ತಲೆಕೋಣೆಗೆ ಹೋಗಿ ನಿನ್ನ ಹೋಲ್ಡರಿಗೆ ಫಿಲ್ಮು ಹಾಕಿದೆ. ರೂಢಿ ನೋಡು, ಕೈ ತಾನೇ ಫಿಲ್ಮನ್ನು ತುಟಿಯ ಹತ್ತಿರ ತಂದಿತು. ತಡೆದು ಕೆಳಗಿಳಿಸಿ ಮೂಲೆಯಲ್ಲಿ ಹೆಬ್ಬೆರಳಿಟ್ಟೆ. ಕಚ್ಚು ತಾಕಿತು. ಕತ್ತಲೆಯಲ್ಲಿ ಒಬ್ಬನೇ ನಕ್ಕೆ. “ಒಳಗ ಯಾರ ಕೂಡ ನಗಲಾಕತ್ತೀರಿ?” ಎಂದು ಹೊರಗಿಂದ ಅತ್ತಿ ಕೇಳಿದಳು. ನಿನ್ನ ಅಳಿಯನ ಕೂಡ ಎಂದೆ. ಆಗಲೇ ತೀರ್ಮಾನವಾಗಿತ್ತು, ನನಗೆ ತಿಳಿದದ್ದು ಮಾತ್ರ ಸ್ಟೇಶನ್ನಿನಲ್ಲಿ.

ಬೀದರಕ್ಕೆ ಹೋಗುವ ರೈಲು ಉದಗೀರದಿಂದಲೇ ತಾನೆ ಬರುವುದು? ಕಾಶೀರಾಮ ಅವರು ಅದೇ ರೈಲಿನಿಂದ ಇಳಿದರು. ನಾನು ಕ್ಯಾಮೆರಾ ಹೆಗಲಿಗೇರಿಸಿ ನಿಂತಿದ್ದೆ.

“ಸ್ಟೇಶನ್ನಿಗೇ ತಂದ್ರ್ಯಾ? ನನಗ ಊರಾಗ ನಡಿಯೂದ ತಪ್ಪಿಸಿದ್ರಿ ನೋಡ್ರಿ” ಎಂದು ಖುಷಿಯಾದರು.

ನಾನು ರೈಲಿನ ಡಬ್ಬಿ ಹತ್ತಿ, ಕೆಳಗಿದ್ದ ಮೂರು ಕಾಲಿನ ಕಟ್ಟನ್ನು ಕೊಡಿರಿ ಎಂದೆ. ಪಾಪ, ಕಿಟಕಿಯಿಂದ ಎತ್ತಿ ಕೊಟ್ಟರು. ಕೊಟ್ಟ ಮೇಲೆ ಕೇಳಿದರು:

“ಮಡೆಪ್ಪನವರ, ನೀವ್ ಎಲ್ಲಿಗಿ?”

“ಬೀದರಕ್ಕರಿ.”

“ಮತ್ತ ಕ್ಯಾಮೆರಾ?”

“ಅದೂ ಬೀದರಕ್ಕೇ ಹೊಂಟದರಿ. ಫಿಲ್ಮ್ ಹಿಡಿಯೂದು ಕಲ್ತದ ಈಗ. ಸಿಟ್ಟಾಗಬ್ಯಾಡ್ರಿ, ಮನೀಗಿ ಹೋಗಿ ಚಹಾ ಕುಡೀರಿ, ನಮ್ಮಾಕಿ ಎಲ್ಲಾ ಹೇಳ್ತಾಳ.”

ರೈಲು ಹೊರಟಿತು. ಅವರು ಹೋಗಿ ಚಹಾ ಕುಡಿ‌ದರಂತೆ. ಮೊದಲು ರೇಗಿದರಂತೆ. ಅತ್ತಿ ನಾಲ್ಕೂ ಚಿತ್ರ ಮುಂದೆ ಹರವಿ ನತ್ತಿನ ಕಥೆ ಹೇಳಿದ ಮೇಲೆ, ಆ ಡಬ್ಬಿಯ ಹೋಲ್ಡರು ನನಗೂ ಎರಡು ಬೇಕು ಎಂದು ಹೋದರಂತೆ.

ಈಗ ನೀನು ಕೇಳಿದ್ದು. ಎರಡೂ ಗ್ರೂಪು ಚಿತ್ರ ಬಂದಿವೆ. ಹಿಂದಿನ ಸಾಲಿನ ಹುಡುಗರ ಅಂಗಿಯ ಗುಂಡಿಯೂ ಕಾಣುತ್ತದೆ. ಎಲ್ಲ ಚಿತ್ರದ ಒಂದು ಮೂಲೆಯಲ್ಲಿ ಸಣ್ಣ ಅರ್ಧಚಂದ್ರ ಮೂಡಿದೆ, ನಿನ್ನ ಕಿಂಡಿಯಿಂದ ಬೆಳಕು ಬಿದ್ದದ್ದು. ಕತ್ತರಿಸಿ ತೆಗೆಯಬಹುದಿತ್ತು. ನಾನು ತೆಗೆಯಲಿಲ್ಲ. ಪ್ರಿನ್ಸಿಪಾಲರಿಗೆ ಹಾಗೇ ಕೊಡು.

ನೀನು ಗ್ರೂಪಿನಲ್ಲಿ ನಿಲ್ಲಲಿಲ್ಲ, ಗಮನಿಸಿದ್ದೀಯಾ? ಹೋಲ್ಡರು ಹಿಡಿದು ನನ್ನ ಪಕ್ಕದಲ್ಲೇ ಇದ್ದೆ. ಮೂರನೆಯ ಹೋಲ್ಡರಿನಲ್ಲಿ ಒಂದು ಫಿಲ್ಮು ಉಳಿದಿತ್ತು. ನೀನು ಆ ಕಡೆ ಸಾಲು ಚದುರುವ ಹುಡುಗರ ಮೇಲೆ ಕೂಗಾಡುತ್ತಿದ್ದಾಗ ಕ್ಯಾಮೆರಾವನ್ನು ತಿರುಗಿಸಿದೆ. ಜೊತೆಗಿಟ್ಟಿದ್ದೇನೆ. ಬಾಯಿ ತೆರೆದಿದೆ, ಬೆರಳಿಗೆಲ್ಲ ಪಟ್ಟಿ, ಹಿಂದೆ ಪ್ರಿನ್ಸಿಪಾಲರು ಕೈ ಕಟ್ಟಿಕೊಂಡು ಅಲುಗಾಡದೆ ನಿಂತಿದ್ದಾರೆ. ಇದರ ಇನ್ನೊಂದು ಪ್ರತಿಯನ್ನು ಎಕಂಬಾಕ್ಕೆ ಅಕ್ಕನಿಗೆ ಕಳಿಸಿದ್ದೇನೆ.

ತುಳಸಿ ಲಗ್ನದ ಮೇಲೆ ಔರಾದದ ಮದುವೆ ಒಪ್ಪಿಕೊಂಡೆ. ಪರೀಕ್ಷೆ ಮುಗಿಸಿಕೊಂಡು ಆರು ಹೋಲ್ಡರು ಮಾಡಿ ಕಳಿಸು, ಕಾಶೀರಾಮ ಅವರ ಎರಡು ಬೇರೆ. ಪಂಢರಿಗೆ ನನ್ನ ಶರಣಾರ್ಥಿ ಹೇಳು, ಡಬ್ಬಿ ಒಗೆಯಬೇಡ ಅನ್ನು.

ಚಿತ್ರ ಒಣಗುವ ಮೊದಲೇ ಅತ್ತಿ ಬಂದು ಕಾಲೇಜಿನ ಹುಡುಗಿಯರ ಮೂಗುಗಳನ್ನೆಲ್ಲ ಒಂದೊಂದಾಗಿ ತಪಾಸಣೆ ಮಾಡಿದಳು. ಎಲ್ಲ ಜಾಗದಲ್ಲೇ ಇವೆ ಎಂದು ಒಪ್ಪಿದಳು. ಹಾಗಾದರೆ ನಿನ್ನದೂ ಇನ್ನೊಂದು ತೆಗೆಯಲೇ ಎಂದು ಕೇಳಿದೆ. ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತೇ ಹೇಳಿದಳು:

“ಈ ಸಲ ತುಟಿ ಮುಚ್ಕೊಂಡು ತೆಗೀತೀರಂದ್ರ ಕೂಡ್ತೇನಿ.”

ಮಡೆಪ್ಪ